ಗಂಗವ್ವನ ಮಾತನ್ನು ನಾನು ನುಂಗಿದೆ

ಗಂಗವ್ವ, ಅಂದು ನೀನು ಆಡಿದ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಬಾಯಿ ತಪ್ಪಿ ಅಲ್ಲ — ಬೇಕೆಂದೇ. ಆ ಕೆಲಸಕ್ಕಾಗಿಯೇ ನನ್ನನ್ನು ಇಟ್ಟುಕೊಂಡಿದ್ದರು, ಅದನ್ನೇ ನಾನು ಮಾಡಲಿಲ್ಲ.

ಮೋಟೆಬೆನ್ನೂರಿನ ಆ ಶೆಡ್ಡನ್ನು ನೀನು ಹೇಗೆ ಮರೆತೀಯ! ದೂರದ ಶ್ರೀಮಂತ ದೇಶವೊಂದರ ಜನ, ನಮ್ಮೂರ ಹೆಸರನ್ನು ನೆಟ್ಟಗೆ ಹೇಳಲೂ ಬಾರದವರು, ತಮ್ಮ ತೆರಿಗೆಯಲ್ಲಿ ಕಟ್ಟಿಸಿಕೊಟ್ಟದ್ದು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆ ನೆರಳು, ಕೈ ತೊಳೆಯಲು ನಲ್ಲಿ, ಪಕ್ಕದ ಕೋಣೆಯಲ್ಲಿ ತೊಟ್ಟಿಲು, ಕೂಸು ನೋಡಿಕೊಳ್ಳಲು ಒಬ್ಬ ಆಯಾ. ಇಷ್ಟೇ. ಅದಕ್ಕೂ ಮೊದಲು, ಖಾರದ ಕೈಯಲ್ಲಿ ನೀನು ಕೂಸನ್ನು ಮುಟ್ಟುವಂತಿಲ್ಲವೆಂದು ನಿನ್ನ ಮಗಳು ರೇಣುಕಾ ಶಾಲೆ ಬಿಟ್ಟು ತಮ್ಮನನ್ನು ಹೊತ್ತು ತಿರುಗುತ್ತಿದ್ದಳು. ಶೆಡ್ಡು ಬಂದ ಮೇಲೆ ಪಾಟಿಚೀಲ ಹಿಡಿದು ಮತ್ತೆ ಹೋದಳು. ನೀನು ಪೂರ್ತಿ ದಿನದ ಕೂಲಿ ಮನೆಗೆ ಒಯ್ದೆ.

ಒಂದೇ ಹಂಗಾಮು. ಆಮೇಲೆ ಬ್ಯಾಡಗಿಯ ಒಬ್ಬ ವ್ಯಾಪಾರಿ ಅಲ್ಲಿ ತನ್ನ ಚೀಲಗಳನ್ನು ಒಟ್ಟಿದ, ನೀರಿನ ಮೋಟಾರು ಕಿತ್ತುಕೊಂಡು ಹೋದ, ನಿಮ್ಮನ್ನು ಬಿಸಿಲಿಗೆ ಅಟ್ಟಿದ. ಆ ವ್ಯಾಪಾರಿ ನನ್ನ ಸೋದರಮಾವ. ನನಗೆಲ್ಲ ಗೊತ್ತಿತ್ತು. ಆ ದೇಶದ ನೆರವಿನ ಕೆಲಸ ನೋಡಿಕೊಳ್ಳುವ ಹಾವೇರಿಯ ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಆ ದೇಶದ ಅಧಿಕಾರಿಣಿ ನೋಡಲು ಬಂದ ದಿನ ಬೆಳಗ್ಗೆ ಚೀಲಗಳು ಹೊರಗೆ, ನೀವೆಲ್ಲ ಒಳಗೆ. ಮಾವ ಹಾರ ಹಿಡಿದು ನಿಂತಿದ್ದ. ಎಲ್ಲ ಸರಿಯಾಗಿ ನಡೆಯುತ್ತಿದೆಯೇ, ಇನ್ನೂ ನಮ್ಮ ಅಗತ್ಯವಿದೆಯೇ ಎಂದು ಆಕೆ ಕೇಳಿದಳು. ಅದನ್ನು ನಿನಗೆ ಸರಿಯಾಗಿಯೇ ಹೇಳಿದೆ. ನೀನು ಎರಡೂ ಕೈ ಮುಂದೆ ಚಾಚಿದೆ.

"ಇದನ್ನ ಗೋದಾಮ ಮಾಡ್ಯಾರ್ರಿ. ನೀರಿಲ್ಲ, ತೊಟ್ಟಲಿಲ್ಲ. ನನ್ನ ಮಗಳು ಮತ್ತ ಸಾಲಿ ಬಿಟ್ಟಾಳ. ಇವರಿಗೆ ಹೇಳ್ರಿ ಅಕ್ಕಾರ, ಖರೇ ಹೇಳ್ರಿ."

ನಾನು ಹೇಳಿದ್ದು — "ಎಲ್ಲ ಚೆನ್ನಾಗಿದೆಯಂತೆ. ನಿಮ್ಮ ದೇಶಕ್ಕೆ ಕೈ ಮುಗಿಯುತ್ತಿದ್ದಾಳೆ."

ಥೂ, ನನ್ನ ಬಾಯಿಗಿಷ್ಟು!

ಆಕೆ ಖುಷಿಯಿಂದ ನಿನ್ನ ಕೈ ಹಿಡಿದುಕೊಂಡಳು. ಆಮೇಲೆ ಬೆವರೊರೆಸಲು, ನಿನ್ನ ಖಾರ ಹತ್ತಿದ ಆಕೆಯ ಕೈ ಮುಖಕ್ಕೆ ಹೋಯಿತು. ನೀನು ಚೀರಿದೆ — "ಅಯ್ಯೋ, ಕಣ್ಣು ಮುಟ್ಟಬ್ಯಾಡ್ರಿ ತಾಯೀ!" ಅದನ್ನೂ ನಾನು ಹೇಳಲಿಲ್ಲ. ಹೇಳಿದರೆ ಕೈ ತೊಳೆಯಲು ಹೋಗುತ್ತಾಳೆ, ನಲ್ಲಿ ತಿರುಗಿಸುತ್ತಾಳೆ, ಆಗ... ಆಕೆಯ ಕಣ್ಣು ಉರಿದು ದಳದಳ ನೀರು ಸುರಿಯಿತು. ಫೋಟೋ ತೆಗೆದರು. "ನೋಡ್ರಿ, ಎಂಥಾ ಕರುಳು ಮೇಡಮ್ಮಾರದು!" ಎಂದ ಮಾವ. ಕೆಲಸ ಮುಗಿಯಿತೆಂದು ನಂಬಿ ಅವರು ಹೊರಟುಹೋದರು. ಮರುದಿನವೇ ಚೀಲಗಳು ಒಳಗೆ ಬಂದವು.

ಇಷ್ಟು ವರ್ಷಗಳಾದ ಮೇಲೆ ಈಗ ರಾಣೆಬೆನ್ನೂರಿನಲ್ಲಿ ನೆಂಟರ ಮದುವೆಗೆ ಹೋದರೆ ಮಾವ ಎಲೆಯಡಿಕೆ ಮೆಲ್ಲುತ್ತ ಉಪದೇಶ ಮಾಡುತ್ತಾನೆ — "ಹೊರದೇಶದ ರೊಕ್ಕಕ್ಕ ಬಡತನ ಹೋಗ್ತೈತೇನ್ರಿ? ಬಡವರಿಗೆ ಅದು ಮುಟ್ಟೂದ ಇಲ್ಲ." ಎಲ್ಲರೂ ಹೌದೌದು ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಮುಟ್ಟಿತ್ತು! ನಿನ್ನ ಮನೆಯವರೆಗೆ ಬಂದು ಮುಟ್ಟಿತ್ತು. ಕಸಿದುಕೊಂಡವನು ಅವನು, ಮುಚ್ಚಿಟ್ಟವಳು ನಾನು. ಅವನೇ ನನ್ನನ್ನು ಓದಿಸಿದವನು — ಅದನ್ನು ನೆಪವಾಗಿ ಹೇಳಲಾರೆ. ನಿನ್ನ ಮಗಳು ಓದಬಾರದಿತ್ತೇ?

ಮೊನ್ನೆ ಬ್ಯಾಡಗಿಯಲ್ಲಿ ರೇಣುಕಾಳನ್ನು ಕಂಡೆ. ತೊಟ್ಟು ಬಿಡಿಸುತ್ತಿದ್ದಳು. ಅಳುವ ತನ್ನ ಕೂಸನ್ನು, ಕೈಗೆ ಸೆರಗು ಸುತ್ತಿಕೊಂಡು ಎತ್ತಿದಳು. "ಆರಾಮ ಅದೀರೇನ್ರಿ ಅಕ್ಕಾರ?" ಎಂದಳು.

ತಾವು ಕಟ್ಟಿಸಿದ್ದು ಇಷ್ಟು ವರ್ಷಗಳ ಮೇಲೆ ಹೇಗಿದೆಯೆಂದು, ಬರುವ ವಾರ ಆ ದೇಶದವರು ಶೆಡ್ಡು ನೋಡಲು ಮತ್ತೆ ಬರುತ್ತಾರೆ. ಮಾತು ತಿರುಗಿಸಲು ನನ್ನನ್ನೇ ಕರೆದಿದ್ದಾರೆ. ಮಾವ ಆಗಲೇ ಚೀಲ ಹೊರಗೆ ಹಾಕಿಸುತ್ತಿದ್ದಾನೆ. ನಾನು ಹೋಗುತ್ತೇನೆ. ಅವನು ಹಾರ ಹಿಡಿದು ನಿಂತಿರುವಾಗಲೇ, ಯಾರೂ ಏನೂ ಕೇಳುವ ಮೊದಲೇ, ಅಂದು ನೀನು ಹೇಳಿದ್ದನ್ನೆಲ್ಲ ಹೇಳುತ್ತೇನೆ.

ಕ್ಷಮಿಸು ಎಂದು ಕೇಳುವುದಿಲ್ಲ, ಗಂಗವ್ವ. ಕೈ ತೊಳೆಯದೆ ಬಂದು ನನ್ನ ಪಕ್ಕದಲ್ಲಿ ನಿಲ್ಲು. ಮತ್ತೆ ನಾನು ಬಾಯಿ ಮುಚ್ಚಿದರೆ, ಆ ಕೈಯನ್ನು ನನ್ನ ಕಣ್ಣಿಗೆ ಒರೆಸಿಬಿಡು.