ಎಡಕ್ಕೆ ತಿರುಗಿದ ಜಡೆ

ಟಣ್ — ಉಕ್ಕಿನ ಹೆಣಿಗೆ ಸೂಜಿ ಸಿಮೆಂಟು ನೆಲಕ್ಕೆ ಬಿದ್ದ ಸದ್ದು. ಐವತ್ತೆಂಟು ವರ್ಷವಾಯಿತು, ಈಗಲೂ ಕಿವಿಯಲ್ಲಿ ಉಂಟು. ಆ ಸೂಜಿ ಜುಲೈಕಾಳದ್ದು. ಮತ್ತು ಕಳೆದ ಹನ್ನೊಂದು ಕ್ರಿಸ್‌ಮಸ್‌ಗಳಲ್ಲಿ ‘ನನ್ನ ಕೈಯಾರೆ ಹೆಣೆದದ್ದು’ ಎಂದು ನಾನು ಗೆಳತಿಯರಿಗೆಲ್ಲ ಹಂಚಿದ ಶಾಲು, ಮಫ್ಲರುಗಳೂ ಅವಳವೇ. ಒಂದೂ ನನ್ನದಲ್ಲ. ಹೇಳಿಬಿಟ್ಟೆ — ಇಷ್ಟು ಚಿಕ್ಕ ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತದೆ.

ಸಿಟ್ಟು ನನ್ನ ಮೇಲೆ ಮಾತ್ರ ಅಲ್ಲ, ಆನೆಸ್ಟ್ಲಿ. ಈ ಗೆಳತಿಯರ ಮೇಲೂ. ಡಿಸೆಂಬರಿನಲ್ಲೂ ಫ್ಯಾನ್ ತಿರುಗಬೇಕಾದ ಮೂಡಬಿದ್ರೆಯಲ್ಲಿ ಉಲ್ಲನ್ ಶಾಲು ಯಾರಿಗೆ ಬೇಕು? ಆದರೆ ಮಳೆಗಾಲ ಹಿಡಿಯುವುದೇ ತಡ, ಮೊಬೈಲಿನಲ್ಲಿ ಶುರು — ಗ್ರೇಸಿ ಟೀಚರ್, ಈ ಸಲ ನನಗೆ ಮರೂನ್. ಗ್ರೇಸಿ, ನನ್ನ ಸೊಸೆಗೂ ಒಂದು. ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆಯ ಮೇಲೆ ಮಡಚಿಟ್ಟು ಕೊಟ್ಟ ಶಾಲನ್ನು ಪಕ್ಕದ ಮನೆಯ ಸುಮತಿ ಮಿಕ್ಸಿಗೆ ಹೊದೆಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೂ ಆ ‘ನಿಮ್ಮ ಕೈಯ ಕೆಲಸ’ ಎಂಬ ಹೊಗಳಿಕೆ — ಅದಿಲ್ಲದೆ ನನ್ನ ಕ್ರಿಸ್‌ಮಸ್ ಆಗುತ್ತಿರಲಿಲ್ಲ.

ಹೆಣಿಗೆ ನಾವು ಕಲಿತದ್ದು ಕಾನ್ವೆಂಟಿನಲ್ಲಿ, ಏಳನೆಯ ಕ್ಲಾಸಿನಲ್ಲಿ, ಸಿಸ್ಟರ್ ಕ್ಲೆಮೆನ್ಸಿಯಾ ಅವರಿಂದ. ಬಂಟ್ವಾಳದ ಜವಳಿ ಅಂಗಡಿಯವರ ಮಗಳು ಜುಲೈಕಾ ನನ್ನ ಬೆಂಚಿನವಳು. ಅವಳು ಎಡಚಿ. ಉಣ್ಣುವುದು, ಬರೆಯುವುದು ಎಲ್ಲ ಹೊಡೆತ ತಿಂದು ಬಲಗೈಗೆ ಬಂದಿತ್ತು. ಹೆಣಿಗೆ ಮಾತ್ರ ಬರಲಿಲ್ಲ. ಸಿಸ್ಟರ್ ಮೂರು ಸಲ ಸೂಜಿ ಕಿತ್ತು ಬಲಗೈಗೆ ಕೊಟ್ಟರು, ಮೂರು ಸಲವೂ ಅದು ಎಡಕ್ಕೇ ಹೋಯಿತು. ನಾಲ್ಕನೆಯ ಸಲ ನೆಲಕ್ಕೆ ಬಿತ್ತು. ‘ಡಿಸಿಪ್ಲಿನ್ ಇಲ್ಲದ ಕೈ’ ಎಂದು ಅವಳನ್ನು ವರಾಂಡಕ್ಕೆ ಕಳುಹಿಸಿದರು. ವರ್ಷವಿಡೀ ನಿಟ್ಟಿಂಗ್ ಪೀರಿಯಡ್‌ನಲ್ಲಿ ಅವಳು ವರಾಂಡದಲ್ಲೇ.

ಊಟದ ಬಿಡುವಿನಲ್ಲಿ ನಾನು ಅವಳ ಎದುರಿಗೆ ಕುಳಿತು ಹೆಣೆಯುತ್ತಿದ್ದೆ. ಪಕ್ಕದಲ್ಲಿ ಅಲ್ಲ, ಎದುರಿಗೆ — ಕನ್ನಡಿಯಲ್ಲಿ ನೋಡಿದ ಹಾಗೆ ಅವಳು ನನ್ನ ಕೈ ನೋಡಿ ಕಲಿತಳು. ನನ್ನ ಬಲಗೈ ಮಾಡಿದ್ದನ್ನು ಅವಳ ಎಡಗೈ ಮಾಡುತ್ತಿತ್ತು. ಸಾದಾ ಹೆಣಿಗೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಕೇಬಲ್ ಸ್ಟಿಚ್ ಉಂಟಲ್ಲ, ನಾವು ಜಡೆ ಎನ್ನುತ್ತಿದ್ದೆವು — ಎಳೆಯ ಮೇಲೆ ಎಳೆ ಹೊರಳಿ ಬರುವಂಥದ್ದು — ಅದು ನನ್ನ ಕೈಯಲ್ಲಿ ಬಲಕ್ಕೆ ತಿರುಗಿದರೆ ಅವಳ ಕೈಯಲ್ಲಿ ಎಡಕ್ಕೆ. ಅಷ್ಟೇ. ಇಷ್ಟನ್ನು ಒಳ್ಳೆಯದು ಮಾಡಿದ್ದೇನೆ ಎಂದು ಬರೆಯುತ್ತಿಲ್ಲ. ಮುಂದೆ ಮಾಡಿದ್ದು ಗೊತ್ತಾಗಲು ಇದು ಬೇಕು.

ಹನ್ನೆರಡು ವರ್ಷದ ಹಿಂದೆ ನನ್ನ ಹೆಬ್ಬೆರಳಿನ ಸಂದು ಊದಿತು. ಮನೆಗೆ ಬಂದಿದ್ದ ಜುಲೈಕಾ ಅರ್ಧಕ್ಕೆ ನಿಂತ ಶಾಲುಗಳನ್ನು ನೋಡಿ, ಇಲ್ಲಿ ಕೊಡು, ಮುಗಿಸಿ ಕೊಡ್ತೇನೆ ಎಂದಳು. ಅವಳು ಈಗಲೂ ಹೆಣೆಯುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ಮರುವರ್ಷದಿಂದ ಪೂರ್ತಿ ಅವಳದ್ದೇ. ನಾನು ನೂಲನ್ನು ಚೀಲದಲ್ಲಿ ಕಟ್ಟಿ ಸಿದ್ದಕಟ್ಟೆ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು, ಬಂಟ್ವಾಳದಲ್ಲಿ ಅವಳು ಇಳಿಸಿಕೊಳ್ಳುವುದು, ಹಬ್ಬಕ್ಕೆ ನಾಲ್ಕು ವಾರ ಮೊದಲು, ಅಡ್ವೆಂಟ್ ಶುರುವಾಗುವಾಗ ಅದೇ ಚೀಲ ಶಾಲುಗಳಾಗಿ ಹಿಂದೆ ಬರುವುದು. ಹೇಳಬೇಡ ಎಂದು ನಾನು ಹೇಳಲಿಲ್ಲ. ಹೇಳಲಾ ಎಂದು ಅವಳು ಕೇಳಲಿಲ್ಲ. ಸುಳ್ಳು ಹಾಗೆಯೇ, ಯಾರೂ ಆಡದೆ — ಬೆಳೆಯಿತು.

ಅಷ್ಟೇ ಆಗಿದ್ದರೆ ಪಾದ್ರಿಗಳ ಹತ್ತಿರ ಹೇಳಿ ಮುಗಿಸುತ್ತಿದ್ದೆನೋ ಏನೋ.

ಹೋದ ವರ್ಷದ ಹಿಂದಿನ ಕ್ರಿಸ್‌ಮಸ್ ವಾರದಲ್ಲಿ ನಾವು ಮೂವರು — ನಾನು, ಸುಮತಿ, ಜುಲೈಕಾ — ಸಿಸ್ಟರ್ ಕ್ಲೆಮೆನ್ಸಿಯಾ ಅವರನ್ನು ನೋಡಲು ಬೆಳ್ತಂಗಡಿಗೆ ಹೋದೆವು. ವಯಸ್ಸಾದ ಸಿಸ್ಟರ್‌ಗಳು ಇರುವ ಮನೆ ಅದು. ಅವರಿಗೆ ತೊಂಬತ್ತರ ಹತ್ತಿರ, ಕಣ್ಣು ಪೂರ್ತಿ ಹೋಗಿತ್ತು. ಜುಲೈಕಾಳಿಗೆ ಬರಲು ಮನಸ್ಸಿರಲಿಲ್ಲ. ಅವರಿಗೆ ನನ್ನ ನೆನಪಿರುವುದಿಲ್ಲ ಮಾರಾಯ್ತಿ, ಇದ್ದರೂ ವರಾಂಡದ್ದೇ ಇರ್ತದೆ ಎಂದು ನಕ್ಕಿದ್ದಳು. ಎಳೆದುಕೊಂಡು ಹೋದವಳು ನಾನೇ.

ನಾನು ಬೂದು ಬಣ್ಣದ ಶಾಲನ್ನು ಸಿಸ್ಟರ ಮಡಿಲಲ್ಲಿಟ್ಟು, ನಾನು ಗ್ರೇಸಿ, ನಾನೇ ಹೆಣೆದದ್ದು ಎಂದೆ. ಅವರ ಬೆರಳು ಅಂಚಿನಿಂದ ಶುರುವಾಗಿ ಜಡೆಯ ಮೇಲೆ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ಸುಮತಿ ಮಿಜಾರಿನ ಕಾಲೇಜಿನಲ್ಲಿ ಓದುವ ತನ್ನ ಮೊಮ್ಮಗಳ ಕತೆ ಹೇಳುತ್ತಲೇ ಇದ್ದಳು; ಸಿಸ್ಟರ್ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದರು.

“ಇದು ಎಡಗೈಯವಳ ಜಡೆ,” ಎಂದರು. “ಯಾರು ಹೆಣೆದದ್ದು? ಅವಳ ಕೈ ಕೊಡು ನನಗೆ.”

ಜುಲೈಕಾ ಮೂರು ಅಡಿ ದೂರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳು. ಅವಳೂ ಬಂದಿದ್ದಾಳೆಂದು ಸಿಸ್ಟರಿಗೆ ನಾವಿನ್ನೂ ಹೇಳಿರಲಿಲ್ಲ. ಸಿಸ್ಟರ್ ಅಂಗೈ ಚಾಚಿ ಹಿಡಿದಿದ್ದರು. ನನಗೆ ಸಮಯ ಇತ್ತು — ಅದನ್ನೇ ಬರೆಯಬೇಕು — ಸಾಕಷ್ಟು ಸಮಯ ಇತ್ತು. ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಸುಮತಿ ನನ್ನನ್ನೇ ನೋಡುತ್ತಿದ್ದಳು. ನಾಳೆ ಮೂಡಬಿದ್ರೆಯಿಡೀ ಏನಾಗುತ್ತದೆ ಎಂಬುದು ನನ್ನ ತಲೆಯಲ್ಲಿ ಓಡಿತು. ನಾನು ನನ್ನ ಕೈಯನ್ನು ಆ ಅಂಗೈಯಲ್ಲಿಟ್ಟೆ.

“ನನ್ನದೇ, ಸಿಸ್ಟರ್. ತಿರುವು ತಪ್ಪಿತು, ಅಷ್ಟೆ.”

ಅವರು ನನ್ನ ಊದಿದ ಹೆಬ್ಬೆರಳನ್ನು ಮುಟ್ಟಿ ನೋಡಿ ಕೈ ಬಿಟ್ಟರು. “ಹೌದಾ. ನಾನು ಬೇರೆ ಒಬ್ಬಳದ್ದು ಅಂದುಕೊಂಡೆ. ಅವಳ ಹತ್ತಿರ ಒಂದು ಮಾತು ಹೇಳ್ಲಿಕ್ಕಿತ್ತು.”

ಇದು ನಾನು ಮಾಡಿದ್ದು. ಶಾಲು ಕದ್ದದ್ದು ಸಣ್ಣದು. ಐವತ್ತಾರು ವರ್ಷ ವರಾಂಡದಲ್ಲಿದ್ದವಳನ್ನು ಅವರು ಕೊನೆಗೂ ಒಳಗೆ ಕರೆದಾಗ ಬಾಗಿಲಿಗೆ ಅಡ್ಡ ನಿಂತವಳು ನಾನು. ಅದೂ ಅವಳ ಕೈಯ ಗುಣವನ್ನು ತಪ್ಪು ಎಂದು ಕರೆದು.

ಮತ್ತೆ ಅವಳು! ಯಾಕೆ ಸುಮ್ಮನಿದ್ದಳು? ನಾನು ಇಲ್ಲಿದ್ದೇನೆ ಸಿಸ್ಟರ್ ಎಂದು ಒಂದು ಮಾತು ಆಡಬಾರದಿತ್ತೇ? ಹಿಂದೆ ಬರುವ ಬಸ್ಸಿನಲ್ಲಿ ಬೈಯಲಿ ಎಂದು ಕಾದೆ. ಅವಳು ಕೇಳಿದ್ದು ನನ್ನ ಹೆಬ್ಬೆರಳಿನ ನೋವು ಈಗ ಹೇಗುಂಟು ಎಂದು. ಇಂಥ ಒಳ್ಳೆಯತನವನ್ನು ಏನು ಮಾಡುವುದು? ಎಲ್ಲಿ ಇಡುವುದು? — ಆದರೆ ಇದೂ ಒಂದು ಉಪಾಯವೇ, ತಪ್ಪನ್ನು ಅವಳ ಮೌನದ ಮೇಲೆ ಹಾಕುವುದು. ಅದನ್ನು ಬಿಡುತ್ತೇನೆ.

ಮುಂದಿನ ಈಸ್ಟರಿಗೆ ಮೊದಲಿನ ನಲ್ವತ್ತು ದಿನದ ಉಪವಾಸದ ಕಾಲದಲ್ಲಿ ಸಿಸ್ಟರ್ ತೀರಿಕೊಂಡರು. ಆ ಒಂದು ಮಾತು ಏನೆಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಹೋದ ಕ್ರಿಸ್‌ಮಸ್‌ಗೆ ನಾನು ನೂಲು ಕಳುಹಿಸುವುದಿಲ್ಲ ಎಂದು ನಿಶ್ಚಯಿಸಿದ್ದೆ. ಆದರೂ ಕಳುಹಿಸಿದೆ, ಮೊಬೈಲಿನಲ್ಲಿ ಕೇಳಿದವರಿಗೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಚೀಲ ಹಿಂದೆ ಬಂತು. ಬಿಚ್ಚಿ ಮಂಚದ ಮೇಲೆ ಹರಡಿದೆ. ಹತ್ತು ಶಾಲು — ಹತ್ತರಲ್ಲೂ ಜಡೆ ಬಲಕ್ಕೆ ತಿರುಗಿತ್ತು.

ಹೆಣೆಯುವವರಿಗೆ ಗೊತ್ತು ಇದೇನೆಂದು. ಪ್ರತಿ ಎಂಟು ಸಾಲಿಗೊಮ್ಮೆ, ತಿರುವು ಬಂದಾಗಲೆಲ್ಲ, ಅವಳು ತನ್ನ ಕೈಯನ್ನು ತಾನೇ ತಡೆದು ನನ್ನ ಕಡೆಗೆ ಹೊರಳಿಸಿದ್ದಳು. ಎರಡು ಶಾಲುಗಳಲ್ಲಿ ಮೊದಲ ತಿರುವಿನ ಹತ್ತಿರ ನೂಲು ಜುಂಗೆದ್ದಿತ್ತು; ಅಭ್ಯಾಸಬಲದಿಂದ ಎಡಕ್ಕೆ ಹೋದದ್ದನ್ನು ಬಿಚ್ಚಿ ಪುನಃ ಹಾಕಿದ್ದಳು. ಸಿಸ್ಟರ ಶಿಕ್ಷೆಗೆ ಬಗ್ಗದ ಕೈ ಅದು. ನನ್ನ ಒಂದು ಸುಳ್ಳಿಗೆ ಬಗ್ಗಿತು.

ಆ ಹತ್ತನ್ನೂ ಹಂಚಿದೆ. ಹೌದು, ಹಂಚಿದೆ. ಈ ಸಲ ಪರ್ಫೆಕ್ಟ್ ಉಂಟು ಟೀಚರ್ ಎಂದಳು ಸುಮತಿ.

ಈ ವರ್ಷ ಶಾಲು ಇಲ್ಲ. ಕುಸ್ವಾರ್ ತಟ್ಟೆ ಹಿಡಿದು ಮನೆಮನೆಗೆ ಹೋಗುತ್ತೇನೆ, ಸುಮತಿಯಿಂದಲೇ ಶುರು ಮಾಡುತ್ತೇನೆ, ಯಾರು ಹೆಣೆದದ್ದೆಂದು ಹೆಸರು ಹಿಡಿದು ಹೇಳುತ್ತೇನೆ. ಮಿಕ್ಸಿಯ ಮೇಲಿದ್ದರೆ ತೆಗೆಯಲು ಹೇಳುತ್ತೇನೆ. ಇದರಿಂದ ಏನೂ ಸರಿಯಾಗುವುದಿಲ್ಲವೆಂದೂ ಗೊತ್ತು.

ಜುಲೈಕಾಳನ್ನು ಕೊನೆಯ ಸಲ ನೋಡಿದ್ದು ಕಳೆದ ತಿಂಗಳು, ಬಂಟ್ವಾಳದಲ್ಲಿ, ಅವಳ ಮನೆಯೆದುರು. ಶಾರ್ಜಾದಲ್ಲಿರುವ ಮಗಳು ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದಳು. ಇನ್ನು ಅಲ್ಲೇ ಇರುವುದಂತೆ. ಮನೆ ತುಂಬ ನೆಂಟರು. ಕಾರಿನ ಹತ್ತಿರ ಮಾತ್ರ ಅವಳು ಒಬ್ಬಳೇ ಸಿಕ್ಕಿದಳು.

“ಸಿಸ್ಟರಿಗೆ ನಾನು ಹೇಳ್ಬೇಕಿತ್ತು ಜುಲೈಕಾ,” ಎಂದೆ.

ಅವಳು ನಗಲಿಲ್ಲ. ಮೊದಲ ಸಲ ನಗಲಿಲ್ಲ. “ಹೌದು, ಹೇಳ್ಬೇಕಿತ್ತು,” ಎಂದಳು. “ನಾನು ಕಾದೆ ಗ್ರೇಸಿ.”

ಮಗಳು ಬಂದು ಅವಳನ್ನು ಸೀಟಿನಲ್ಲಿ ಕೂರಿಸಿ, ವಿಮಾನದಲ್ಲಿ ಎಸಿಯ ಚಳಿ ಉಂಟು ಉಮ್ಮಾ ಎಂದು ಹೆಗಲಿಗೆ ಒಂದು ಶಾಲು ಹೊದೆಸಿದಳು. ಅಂಗಡಿಯದ್ದು, ಬೆಲೆಯ ಚೀಟಿ ಇನ್ನೂ ಅಂಚಿನಲ್ಲಿ ನೇತಾಡುತ್ತಿತ್ತು. ಇಷ್ಟು ವರ್ಷದಲ್ಲಿ ತನಗೆಂದು ಅವಳು ಒಂದನ್ನೂ ಹೆಣೆದುಕೊಂಡಿರಲಿಲ್ಲ, ನಾನೂ ಕೇಳಿರಲಿಲ್ಲ. ಕಿಟಕಿಯ ಗಾಜು ಏರಿತು. ಅವಳು ಒಳಗಿನಿಂದ ಚೀಟಿಯನ್ನು ಹುಡುಕಿ, ಕಿತ್ತು, ಮುದುಡಿ ಹಿಡಿದುಕೊಂಡಳು. ಆಮೇಲೆ ಮುಂದಕ್ಕೆ ನೋಡುತ್ತಾ ಕುಳಿತಳು.