ತವರಿಗೆಂದು ಹಿಮಾಲಯಕ್ಕೆ

ಹಿಮದ ಬೆಟ್ಟದ ಮೇಲೆ ಸಂಸಾರ ನಡೆಸುವುದು ಹೇಗೆ ಎಂಬುದು ನನ್ನ ಸಂಶೋಧನೆಯ ವಿಷಯ. ಸಂಸಾರ ಗಿಡಗಳದು, ಪ್ರಾಣಿಗಳದು. ಚಿತ್ತಾಪುರದ ಹುಡುಗಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಕೇಳದ ನೆಂಟರಿಲ್ಲ. ನಮ್ಮ ಕಡೆ ಎತ್ತರದ ಜಾಗವೆಂದರೆ ಫರಸಿ ಕಲ್ಲಿನ ಗಣಿಯವರು ಅಗೆದು ಗುಡ್ಡೆ ಹಾಕಿದ ಮಣ್ಣು.

ವಿಷಯ ಸರಳ. ಚಳಿಗಾಲ ಬಂದರೆ ಗಂಡು ಕಾಡುಮೇಕೆ ಹೆಣ್ಣನ್ನು ಹುಡುಕಿ ಕಣಿವೆ ದಾಟುತ್ತದೆ. ಗಿಡಕ್ಕೆ ಆ ಭಾಗ್ಯವಿಲ್ಲ. ಬಂಡೆಗೆ ಅಂಟಿಕೊಂಡು, ಹೂ ಬಿಟ್ಟು, ನೊಣ ಬರಲೆಂದು ಕಾಯಬೇಕು. ಬಾರದಿದ್ದರೆ ಕೆಲವು ತಮ್ಮ ಪರಾಗದಲ್ಲೇ ಬೀಜ ಕಟ್ಟುತ್ತವೆ, ಕೆಲವು ಬೇರಿನಿಂದಲೇ ಮರಿಗಿಡ ಎಬ್ಬಿಸುತ್ತವೆ. ಬೀಜ ಗಾಳಿ ಒಯ್ದ ಕಡೆಗೆ. ಇಷ್ಟೆಲ್ಲ ಹಿಮ ಕರಗಿದ ಸ್ವಲ್ಪ ದಿನದಲ್ಲೇ ಮುಗಿಯಬೇಕು. ನನ್ನ ಹೂಗಳು ಅರಳುವುದು ಸರಿಯಾಗಿ ಆಷಾಢದಲ್ಲಿ. ಆ ವರ್ಷ ನೋಡದಿದ್ದರೆ ಗಡುವು ಮುಗಿದು ನನ್ನ ಪ್ರಬಂಧ ಮಣ್ಣುಪಾಲಾಗುತ್ತಿತ್ತು.

ಅದೇ ವರ್ಷ ಮದುವೆಯಾಯಿತು. ಶಹಾಬಾದಿನ ಅತ್ತೆ ಖಡಾಖಂಡಿತ ಹೇಳಿದರು: “ಹೊಸಾ ಸೊಸಿ ಗುಡ್ಡ ಗುಡ್ಡ ಅಡ್ಡಾಡಾದು ಬ್ಯಾಡ. ಆಷಾಢಕ್ಕ ತವರಿಗಿ ಹೋಗಿ ಆರಾಮ ಕುಂದರು.”

ಮೊದಲ ಆಷಾಢದಲ್ಲಿ ಸೊಸೆ ಅತ್ತೆಯ ಜೊತೆ ಇರಬಾರದು, ಅಳಿಯ ಮಾವನ ಮನೆಯ ಹೊಸ್ತಿಲು ತುಳಿಯಬಾರದು. ಬೆಟ್ಟದ ಹೂಗಳೆಲ್ಲ ಸಂತಾನಕ್ಕೆ ಒದ್ದಾಡುವ ತಿಂಗಳಲ್ಲಿ ನಮ್ಮವರು ಹೊಸ ಜೋಡಿಯನ್ನು ಅಗಲಿಸುತ್ತಾರೆ. ಅಂದರೆ ಆ ತಿಂಗಳು ನನ್ನನ್ನು ನೋಡಲು ಯಾರೂ ಬರುವಂತಿಲ್ಲ! ತವರಿಗೆ ಬಂದು, ಚೀಲ ಬದಲಿಸಿ, ವಾಡಿಯಲ್ಲಿ ರೈಲು ಹತ್ತಿದೆ. ಗಂಡನಿಗೂ ಹೇಳಲಿಲ್ಲ.

ಬೆಟ್ಟದಲ್ಲಿ ನನ್ನ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅತ್ತೆ ಫೋನು ಮಾಡಿದಾಗಲೆಲ್ಲ ಅವ್ವ, “ಜಳಕಾ ಮಾಡ್ಲಿಕತ್ತಾಳ್ರಿ,” ಎನ್ನುತ್ತಿದ್ದಳು. “ಎಷ್ಟು ಜಳಕಾ ಮಾಡ್ತಾಳ್ರಿ ನಿಮ್ಮ ಮಗಳು, ಎಮ್ಮಿ ಇದ್ದಂಗ!” ಎಂದರಂತೆ ಅತ್ತೆ.

ಒಂದು ಮಧ್ಯಾಹ್ನ ಅವ್ವ ಬಾಗಿಲು ತೆರೆದರೆ ನನ್ನ ಗಂಡ. ಕಾಡುಮೇಕೆ ಕಣಿವೆ ದಾಟಿ ಬಂದಿತ್ತು, ಬೈಕಿನ ಮೇಲೆ, ಮಳೆಯಲ್ಲಿ ತೊಯ್ದು. ಅವ್ವ ನಿಜ ಹೇಳಿಬಿಟ್ಟಳು. ಅವರು ಭಜಿ ತಿಂದು, ಚಹಾ ಕುಡಿದು, ಮತ್ತೆ ಬೈಕು ಹತ್ತಿದರಂತೆ. ಬರಬಾರದ ಮನೆಗೆ ಬಂದವರು ಯಾರ ಮುಂದೆ ದೂರಬೇಕು? ಹೂಗಳನ್ನು ನೋಡಿ ಮುಗಿಸಿ ತವರಿಗೆ ಬಂದಾಗ ಅವ್ವ ಇದನ್ನೆಲ್ಲ ಹೇಳಿದಳು.

ಶ್ರಾವಣದಲ್ಲಿ ಶಹಾಬಾದಿಗೆ ಹೋದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಬೆಟ್ಟದ ಬಿಸಿಲಿಗೆ ಕೆನ್ನೆ ಕಪ್ಪಾಗಿ, ಮೂಗಿನ ಚರ್ಮ ಸುಲಿದಿತ್ತು. “ಏನವಾ, ತವರಮನ್ಯಾಗೇ ಇದ್ದಿ ಖರೇ? ಈ ಮಳ್ಯಾಗ ಇಷ್ಟು ಬಿಸಲು ಎಲ್ಲಿ ಸಿಕ್ತು?”

ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆಗ ಗಂಡ ಬಾಯಿಬಿಟ್ಟರು: “ಅಕಿ ಅಲ್ಲೇ ಇದ್ಲು ಯವ್ವಾ. ನಾನೇ ಹೋಗಿ ನೋಡ್ಕೊಂಡು ಬಂದೀನಿ. ಹೊಲದಾಗ ಕಸಾ ತೆಗೀಲಿಕತ್ತಿದ್ಲು.”

“ಆಷಾಢದಾಗ ಹೋಗಿದ್ದ್ಯಾ? ಮಾನಗೆಟ್ಟವನೇ! ಒಂದು ತಿಂಗಳು ತಡ್ಕೊಳ್ಳಾಕ ಆಗಲಿಲ್ಲೇನು ನಿನಗ?”

ಅತ್ತೆ ನನ್ನ ಮೂಗನ್ನು ಮರೆತರು. ಬೈಗುಳ ಸಂಜೆತನಕ ನಡೆಯಿತು, ಓಣಿಗೆಲ್ಲ ಕೇಳುವಂತೆ. ಗಂಡ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡರು. ಹಿರಿಯರು ನೋಡಿ ಮಾಡಿದ ಮದುವೆ ನಮ್ಮದು. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆವತ್ತು, ಕಾಣದೇ ಹೋದ ನನ್ನನ್ನು ಕಂಡೆ ಎಂದು ಅವರು ಹೇಳಿದಾಗ.