ಬಸ್ಸಿನಲ್ಲಿ ಎಷ್ಟು ಜನ?

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಮೇಲಿನ ಐದು ಮಹಡಿಗಳ ರಕ್ತ, ಬೆವರು, ವಾಂತಿ ಎಲ್ಲ ಅಲ್ಲಿಗೆ ಇಳಿದು, ಬೆಳ್ಳಗಾಗಿ ಮತ್ತೆ ಮೇಲಕ್ಕೆ ಹೋಗುತ್ತದೆ. ಅಲ್ಲಿ ಚಾದರ ಮಡಿಸುವ ಹೆಂಗಸೊಬ್ಬಳನ್ನು ಎಲ್ಲರೂ ಖಳಕ್ಕ ಎಂದು ಕರೆಯುತ್ತಾರೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ಇರುವೆ ಸಾಲು ಕಂಡರೆ ದಾಟಿ ಕಾಲಿಡುವ ಪೈಕಿ ಅವಳು. ಒಂದು ಸೂಪರ್‌ಹೀರೋ ಸಿನಿಮಾದಲ್ಲಿ ಖಳನ ಪಕ್ಷ ಹಿಡಿದದ್ದಕ್ಕೆ ಜೊತೆಯವರು ಅಂಟಿಸಿದ ಹೆಸರದು. ಅವಳ ಎದುರು ನಿಂತು ಚಾದರದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಹೀರೋನ ಪಕ್ಷ. ಅವಳು ವೀರಕ್ಕ. ಖಳಕ್ಕನಿಗಿಂತ ಎಂಟು ವರ್ಷ ದೊಡ್ಡವಳು, ಗಂಟಲಂತೂ ಎರಡು ಪಟ್ಟು ದೊಡ್ಡದು.

ಸಿನಿಮಾ ಒಂದಲ್ಲ, ಏಳು ಭಾಗ. ಗಾಳಿಗಿಂತ ವೇಗವಾಗಿ ಹಾರುವ ಹೀರೋ ಬಿರುಗಾಳಿ, ಅವನನ್ನು ಮುಗಿಸಲು ಹಟ ತೊಟ್ಟ ಖಳ ಕರಿಗವಸು. ಏಳನ್ನೂ ಇವರಿಬ್ಬರು ಒಟ್ಟಿಗೆ ನೋಡಿದ್ದರು. ಆದರೆ ಜಗಳವೆಲ್ಲ ಮೂರನೇ ಭಾಗದ ಒಂದು ಸೇತುವೆಯ ಮೇಲೆಯೇ. ಸೇತುವೆ ಮುರಿಯುತ್ತದೆ. ಒಂದು ಕಡೆ ಜನ ತುಂಬಿದ ಬಸ್ಸು ಅರ್ಧ ನೇತಾಡುತ್ತಿದೆ. ಇನ್ನೊಂದು ಕಡೆ ಆ ಸೇತುವೆ ಕಟ್ಟಿದ ಇಂಜಿನಿಯರನ ಮಗಳು ಕಂಬಿಗೆ ಜೋತು ಬಿದ್ದಿದ್ದಾಳೆ. ಬಿರುಗಾಳಿ ಬಸ್ಸಿನ ಕಡೆ ಹಾರುತ್ತಾನೆ. ಬಸ್ಸನ್ನು ದಡಕ್ಕಿಟ್ಟು ತಿರುಗಿ ಬರುವಷ್ಟರಲ್ಲಿ ಕಂಬಿ ಖಾಲಿ. ಆ ಇಂಜಿನಿಯರನೇ ಮುಂದೆ ಕರಿಗವಸು ಆಗುತ್ತಾನೆ.

"ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಭೂಮಿ ಸುತ್ತಿ ಬರೋನಿಗೆ ಒಂದು ಮಗೂನ ಎತ್ಕೊಳ್ಳೋಕೆ ಪುರುಸೊತ್ತಿರ್ಲಿಲ್ವಾ?" ಇದು ಖಳಕ್ಕನ ವಾದ.

"ಬಸ್ಸಲ್ಲಿ ನಲವತ್ತೊಂದು ಜನ ಇದ್ರು ಕಣೇ!" ಇದು ವೀರಕ್ಕನದು.

"ನಲವತ್ತು."

"ನಲವತ್ತೊಂದು. ಡ್ರೈವರ್ ಏನು ಮನುಷ್ಯ ಅಲ್ವಾ?"

ಈ ಒಂದು ತಲೆಗಾಗಿ ಹನ್ನೊಂದು ವರ್ಷ ಇಬ್ಬರೂ ಪಟ್ಟು ಬಿಡಲಿಲ್ಲ. ವೀರಕ್ಕನ ಅಪ್ಪ ಬಸ್ ಓಡಿಸುತ್ತಿದ್ದವನು. ಬಸ್ ಉರುಳಿದ ಸುದ್ದಿ ಬಂದಾಗಲೆಲ್ಲ ಪ್ರಯಾಣಿಕರನ್ನಷ್ಟೇ ಎಣಿಸುತ್ತಾರೆಂದು ಅವಳಿಗೆ ಚಿಕ್ಕಂದಿನಿಂದ ಉರಿ. ಖಳಕ್ಕನದು ಬೇರೆ ಉರಿ. ಏಳು ಮಕ್ಕಳ ಮನೆಯಲ್ಲಿ ಅವಳು ಆರನೆಯವಳು. ಒಮ್ಮೆ ರೈಲು ನಿಲ್ದಾಣದಲ್ಲಿ ಅವಳನ್ನು ಬೆಂಚಿನ ಮೇಲೆಯೇ ಮರೆತು ಮನೆಯವರು ರೈಲು ಹತ್ತಿದ್ದರು. ಮರುದಿನ ಕರೆದುಕೊಂಡು ಹೋಗಲು ಬಂದ ಅಪ್ಪ, ಉಳಿದ ಆರು ಜನರನ್ನು ಹತ್ತಿಸುವ ಗಲಾಟೆಯಲ್ಲಿ ಹೀಗಾಯಿತು ಎಂದ. ಅವಳು ಆಗ ಏನೂ ಅನ್ನಲಿಲ್ಲ. ಅನ್ನಬೇಕಾದದ್ದನ್ನೆಲ್ಲ ನಲವತ್ತು ವರ್ಷ ಕಳೆದ ಮೇಲೆ ಕರಿಗವಸಿನ ಪರವಾಗಿ ಅಂದಳು.

ಜಗಳಕ್ಕೂ ಒಂದು ಕ್ರಮವಿತ್ತು. ಇಬ್ಬರೂ ಎರಡೆರಡು ಮೂಲೆ ಹಿಡಿದು ಚಾದರವನ್ನು ಕೊಡವಿ, ಉದ್ದಕ್ಕೆ ಮಡಿಸಿ, ಒಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ಕೊಡುವವಳು ನಡೆದು ಬರುತ್ತ ತನ್ನ ಮಾತು ಮುಗಿಸಬೇಕು. ಮೂಲೆ ಯಾರ ಕೈ ಸೇರಿತೋ ಮುಂದಿನ ಮಾತು ಅವಳದು. ನಡುವೆ ಬಾಯಿ ಹಾಕುವಂತಿಲ್ಲ. ಇಸ್ತ್ರಿ ಯಂತ್ರದ ಹತ್ತಿರ ಕೆಲಸ ಮಾಡುವವರು ಇವರ ಗದ್ದಲ ತಾಳಲಾರದೆ ಕಿವಿಗೆ ಹತ್ತಿ ಇಟ್ಟುಕೊಂಡರೂ, ಒಬ್ಬಳು ರಜೆ ಹಾಕಿದರೆ "ಇವತ್ತು ಬೇಜಾರು ಮಾರಾಯ್ತಿ" ಎನ್ನುತ್ತಿದ್ದರು.

ಆ ದಿನ ಖಳಕ್ಕ ಹೊಸದೊಂದು ಮಾತು ಹೊಂದಿಸಿಕೊಂಡು ಬಂದಿದ್ದಳು. "ಆಯ್ತಕ್ಕ, ಬಸ್ಸೇ ದೊಡ್ಡದು ಅಂತಿಟ್ಕೋ. ಹೋಗ್ತಾ ಆ ಮಗು ಕಡೆ ತಿರುಗಿ, 'ಬರ್ತೀನಿ, ಗಟ್ಟಿಯಾಗಿ ಹಿಡ್ಕೋ' ಅಂತ ಒಂದು ಮಾತು ಹೇಳೋಕೇನಾಗಿತ್ತು ಅವನಿಗೆ? ಹೇಳಿದ್ರೆ ಅವಳು ಇನ್ನೊಂದು ಗಳಿಗೆ ಹಿಡ್ಕೊಂಡಿರ್ತಿದ್ಲು!" ಎನ್ನುತ್ತ ಮೂಲೆಗಳನ್ನು ಕೊಟ್ಟಳು. ವೀರಕ್ಕ ಬಾಯಿ ತೆರೆದಳು. ಮಾತು ಬರಲಿಲ್ಲ. ಬಲಗೈಯಲ್ಲಿದ್ದ ಮೂಲೆ ಜಾರಿ ನೆಲಕ್ಕೆ ಬಿತ್ತು.

ಖಳಕ್ಕ ಏನು ಮಾಡಿದಳು? ಚಪ್ಪಾಳೆ ತಟ್ಟಿದಳು. "ನೋಡ್ರೇ, ವೀರಕ್ಕನ ಬಾಯಿ ಕಟ್ಟಿತು! ಹನ್ನೊಂದು ವರ್ಷಕ್ಕೆ ಗೆದ್ದೆ!" ಎಂದು ಎಲ್ಲರನ್ನೂ ಕೂಗಿ ಕರೆದಳು. ಎಲ್ಲರೂ ನಕ್ಕರು. "ಸೋತೋರು ಕೂತ್ಕೊಳ್ಳಿ" ಎಂದು ಖಳಕ್ಕ ಅವಳನ್ನು ಬಟ್ಟೆ ಗಂಟಿನ ಮೇಲೆ ಕೂರಿಸಿ, ಗೆದ್ದ ಖುಷಿಗೆ ಒಬ್ಬಳೇ ಗಾಡಿಯಲ್ಲಿ ಉಳಿದ ಚಾದರಗಳನ್ನೆಲ್ಲ ಮಡಿಸಿದಳು. ನಡುನಡುವೆ "ಏನಕ್ಕ, ಮುಖ ಊದಿಸ್ಕೊಂಡ್ಯಾ?" ಎಂದು ಕೆಣಕಿದಳು. ಗಾಡಿ ಖಾಲಿಯಾದ ಮೇಲೆ ತಿರುಗಿ ನೋಡಿದರೆ ವೀರಕ್ಕನ ಬಾಯಿ ಒಂದು ಕಡೆಗೆ ಎಳೆದುಕೊಂಡು ಜೊಲ್ಲು ಸುರಿಯುತ್ತಿತ್ತು.

ತುರ್ತು ಚಿಕಿತ್ಸೆಯ ಕೋಣೆ ಎರಡೇ ಮಹಡಿ ಮೇಲಿತ್ತು. ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದರು. "ಇಪ್ಪತ್ತು ನಿಮಿಷ ಆಯ್ತು" ಎಂದಳು ಖಳಕ್ಕ. "ಇಲ್ಲೇ, ಇದೇ ಕಟ್ಟಡದಲ್ಲಾ?" ಎಂದರು ಅವರು. ಅಷ್ಟೇ ಅಂದದ್ದು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಜೀವ ಉಳಿಯಿತು. ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಮಾತು ಕಲಿಸುವ ಮೇಡಂ ಒಬ್ಬರು ದಿನವೂ ಬಂದು ಚಿತ್ರ ತೋರಿಸಿ ಕೇಳುತ್ತಿದ್ದರು. ವೀರಕ್ಕ ಚಿತ್ರವನ್ನೂ ನೋಡುತ್ತಿರಲಿಲ್ಲ, ಮೇಡಂ ಮುಖವನ್ನೂ ನೋಡುತ್ತಿರಲಿಲ್ಲ. ಆಸ್ಪತ್ರೆಯ ನಿಯಮದ ಪ್ರಕಾರ ಆರು ವಾರದೊಳಗೆ ಅರ್ಥವಿರುವ ಒಂದು ಮಾತು, ಒಂದು ಉತ್ತರ ಬಂದರೆ ಇನ್ನೂ ಆರು ವಾರ ಹಾಸಿಗೆ ಸಿಗುತ್ತದೆ, ಕಲಿಸುವುದು ಮುಂದುವರಿಯುತ್ತದೆ. ಬರದಿದ್ದರೆ ಮನೆಗೆ. ಮನೆ ಎಂದರೆ ತಮ್ಮನ ಮನೆ, ನಾಲ್ಕು ಗಂಟೆಯ ದಾರಿ. ಗಡಿಯಾರ ರಿಪೇರಿ ಮಾಡುವ ಆ ತಮ್ಮ ಒಳ್ಳೆಯವನೇ. ಆದರೆ ಅಲ್ಲಿ ಮಾತು ಕಲಿಸುವವರು ಯಾರೂ ಇಲ್ಲ. ಒಂದು ಸಲ ಅಲ್ಲಿಗೆ ಹೋದರೆ ಅಕ್ಕ ಗೋಡೆ ನೋಡಿಕೊಂಡು ಮಲಗಿದವಳು ಮತ್ತೆ ಏಳುವುದಿಲ್ಲ ಎಂದು ಖಳಕ್ಕನಿಗೆ ಖಾತ್ರಿಯಾಗಿತ್ತು.

ಹಾಗಾಗಿ ದಿನವೂ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ವೀರಕ್ಕನಿದ್ದ ಮೂರನೇ ಮಹಡಿಗೆ ಓಡುತ್ತಿದ್ದಳು. ಬಿರುಗಾಳಿಯನ್ನು ಬಾಯಿಗೆ ಬಂದಂತೆ ಬೈದಳು. ಹೇಡಿ ಎಂದಳು, ಬರೀ ಬಟ್ಟೆಯ ಶೋಕಿ ಎಂದಳು, ಐದನೇ ಭಾಗದಲ್ಲಿ ಅವನು ಅತ್ತದ್ದು ಬರೀ ನಾಟಕ ಎಂದಳು. ಮೊದಲಾಗಿದ್ದರೆ ಇಷ್ಟಕ್ಕೆ ವೀರಕ್ಕ ಸೀರೆ ಸೆರಗು ಸಿಕ್ಕಿಸಿ ಮೈಮೇಲೆ ಬರುತ್ತಿದ್ದಳು. ಈಗ ಮುಖ ಗೋಡೆಯ ಕಡೆ ತಿರುಗಿಸಿದಳು. ಉಳಿದ ದಿನಗಳು ಕೈಬೆರಳಲ್ಲಿ ಎಣಿಸುವಷ್ಟಾದಾಗ ಖಳಕ್ಕ ಬೈಯುವುದನ್ನೂ ಬಿಟ್ಟಳು. ಒಂದೊಂದು ದಿನ ಬರೀ "ಏನಾದ್ರೂ ಅನ್ನಕ್ಕ, ನಿನ್ ಕಾಲಿಗೆ ಬೀಳ್ತೀನಿ, ಬೈಯಕ್ಕ" ಎಂದು ಬೇಡಿಕೊಂಡು ಬಂದಳು. ಇವಳಿಗೆ ಮಾತು ಬರುತ್ತದೆ, ನನ್ನ ಮುಖಕ್ಕೆ ಆಡಲು ಮನಸ್ಸಿಲ್ಲ ಅಷ್ಟೇ ಎಂಬ ಅನುಮಾನ ಬೇರೆ ಅವಳಿಗಿತ್ತು.

ಶುಕ್ರವಾರ ಕೊನೆಯ ದಿನ. ಬೆಳಗ್ಗೆ ವೀರಕ್ಕನ ತಮ್ಮ ಬಂದು ಚೀಲ ತುಂಬಿಕೊಂಡು ಕಾಯುತ್ತಿದ್ದ. ಮೇಡಂ ಕಾಗದ ಹಿಡಿದು ಹಾಸಿಗೆಯ ಕಾಲಬಳಿ ನಿಂತಿದ್ದರು. ಖಳಕ್ಕ ಕೆಳಗಿನಿಂದ ಒಂದು ಮಡಿಸದ ಚಾದರ ಎತ್ತಿಕೊಂಡು ಬಂದಳು. ಯಾಕೆ ತಂದೆ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಬೇರೆ ಯಾವ ದಾರಿಯೂ ತೋಚಿರಲಿಲ್ಲ.

"ಐದು ನಿಮಿಷ ಕೊಡಿ ಮೇಡಂ" ಎಂದು, ಚಾದರ ಕೊಡವಿ, ಒಂದು ಮೂಲೆಯನ್ನು ವೀರಕ್ಕನ ಎಡಗೈಗೆ ಕೊಟ್ಟಳು. ಇನ್ನೊಂದನ್ನು ಸತ್ತ ಬಲಗೈಯ ಕೆಳಗೆ ಸಿಕ್ಕಿಸಿದಳು. ತಾನು ಹಾಸಿಗೆಯ ಆ ತುದಿಗೆ ಹೋಗಿ ನಿಂತಳು.

"ಅಕ್ಕ, ನಾನು ಇವತ್ತು ನಿನ್ ಕಡೆ. ಬಿರುಗಾಳಿದು ತಪ್ಪಿಲ್ಲ" ಎಂದಳು. ಮೇಡಂ ಗಡಿಯಾರ ನೋಡಿಕೊಂಡರು. ಖಳಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಅವನಿಗೆ ಗೊತ್ತಿರ್ಲಿಲ್ಲ ಅವಳ ಕೈ ಜಾರುತ್ತೆ ಅಂತ. ಅವನು ಬಸ್ಸಲ್ಲಿ ಇದ್ದೋರನ್ನ ನೋಡ್ತಿದ್ದ. ನಲವತ್ತು ಜನ, ಸುಮ್ನೇನಾ?" ಇನ್ನೊಂದು ಹೆಜ್ಜೆ. "ನನ್ ಹತ್ರ ಯಾವ ಬಸ್ಸೂ ಇರ್ಲಿಲ್ಲ ಅಕ್ಕ. ನಿನ್ ಕೈ ಜಾರ್ತಾ ಇತ್ತು, ನಾನು ಎದುರಿಗೇ ನಿಂತು ನಗ್ತಾ ಇದ್ದೆ. ಇಪ್ಪತ್ತು ನಿಮಿಷ ನಕ್ಕೆ. ನಾನು ಕರಿಗವಸಿಗಿಂತ ಕಡೆ." ಅಷ್ಟು ಹೇಳುವಷ್ಟರಲ್ಲಿ ಅವಳ ಮೂಗು, ಕಣ್ಣು ಎಲ್ಲ ಸೋರುತ್ತಿತ್ತು. ಬಂದು ತನ್ನ ಎರಡು ಮೂಲೆಗಳನ್ನೂ ವೀರಕ್ಕನ ಎಡಗೈಗೆ ತುರುಕಿದಳು.

ಮೂಲೆ ಕೊಟ್ಟ ಮೇಲೆ ಮಾತಾಡುವಂತಿಲ್ಲ. ಅಭ್ಯಾಸ ಬಲದಿಂದ ಬಾಯಿ ಮುಚ್ಚಿದಳು. ಮುಚ್ಚಿದ ಮೇಲೆ ಅವಳಿಗೆ ಹೊಳೆಯಿತು: ಈ ಆರು ವಾರದಲ್ಲಿ ತಾನು ಒಂದು ದಿನವೂ ಬಾಯಿ ಮುಚ್ಚಿರಲಿಲ್ಲ. ಅಕ್ಕನ ಸರದಿಯನ್ನು ಅಕ್ಕನಿಗೆ ಒಮ್ಮೆಯೂ ಕೊಟ್ಟಿರಲಿಲ್ಲ. ಆಚೆ ಯಾರೋ ಗಾಡಿ ತಳ್ಳಿಕೊಂಡು ಹೋದರು. ಮೇಡಂ ಪೆನ್ನು ತೆರೆದರು. ಖಳಕ್ಕ ಹಲ್ಲು ಕಚ್ಚಿ ನಿಂತಳು.

ವೀರಕ್ಕನ ತುಟಿ ಅಲುಗಿತು. ಉಸಿರು ಹೊರಗೆ ಬಂತು, ಮಾತು ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು. "ಒ..." ಎಂದಳು. ಮತ್ತೆ ಉಸಿರೆಳೆದುಕೊಂಡಳು. "ನಲ... ವತ್... ಒಂದು."

ಚೀಲ ಹಿಡಿದೇ ತಮ್ಮ ಅಳತೊಡಗಿದ. ಮೇಡಂ ಮಾತ್ರ ಇದು ಸಾಲದೆಂಬಂತೆ ತಲೆಯಾಡಿಸಿದರು. "ಖುಷಿಯ ವಿಷಯಾನೇ. ಆದ್ರೆ ಸಂಖ್ಯೆ ಕೆಲವರಿಗೆ ತಾನಾಗೇ ಬಂದ್ಬಿಡುತ್ತೆ. ನೀವು ನಲವತ್ತು ಅಂದ್ರಿ, ಅವರು ಮುಂದಿನದು ಅಂದ್ರು. ಬರೀ ಎಣಿಕೆ. ಇದನ್ನ ಉತ್ತರ ಅಂತ ಬರೆಯೋಕಾಗಲ್ಲ."

"ಎಣಿಕೆ ಅಲ್ಲ ತಾಯಿ, ಇದು ಜಗಳ!" ಖಳಕ್ಕ ಕಿರುಚಿದಳು. "ನನ್ ಹತ್ರ ಹನ್ನೊಂದು ವರ್ಷದಿಂದ ಆಡ್ತಿರೋ ಜಗಳ! ಆ ಒಂದು ಡ್ರೈವರು!"

ಮೇಡಂ ಅವಳನ್ನೂ ಕಾಗದವನ್ನೂ ನೋಡಿದರು. ಆಮೇಲೆ ಹಾಸಿಗೆಯ ಹತ್ತಿರ ಬಗ್ಗಿ, ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಅಲ್ಲಮ್ಮಾ, ಡ್ರೈವರ್‌ನ ಯಾರು ಲೆಕ್ಕಕ್ಕೆ ತಗೋತಾರೆ?"

ಆರು ವಾರದಲ್ಲಿ ಮೊದಲ ಸಲ ವೀರಕ್ಕ ಮೇಡಂ ಮುಖವನ್ನು ನೇರವಾಗಿ ನೋಡಿದಳು. ಬೇರೆಯವರಾಗಿದ್ದರೆ ಆ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. "ಮನು..." ಎಂದಳು. ನಾಲಿಗೆ ತೊಡರಿತು. ಬಿಡಲಿಲ್ಲ. "ಮನುಷ್ಯ."

ಮೇಡಂ ಕಾಗದದಲ್ಲಿ 'ಉತ್ತರ' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದರು. "ಚೀಲ ಕೆಳಗಿಡಿ" ಎಂದು ತಮ್ಮನಿಗೆ ಹೇಳಿದರು.

ವೀರಕ್ಕನ ಕೆಲಸ ಇನ್ನೂ ಮುಗಿದಿರಲಿಲ್ಲ. ಎಡಗೈಯಲ್ಲಿ ಮುದುಡಿ ಹಿಡಿದಿದ್ದ ಚಾದರದ ಮೂಲೆಗಳನ್ನು ಎತ್ತಿ ಖಳಕ್ಕನ ಕಡೆ ಚಾಚಿದಳು. ಸರದಿ ಈಗ ಇವಳದು. ಖಳಕ್ಕ ಎರಡು ಕೈಯಲ್ಲೂ ಮೂಲೆ ಹಿಡಿದು ಬಾಯಿ ತೆರೆದಳು. ಒಂದು ಮಾತೂ ಹೊರಡಲಿಲ್ಲ. ಅವಳು ಹಾಗೆಯೇ ನಿಂತಿರುವುದನ್ನು ವೀರಕ್ಕ ನೋಡಿದಳು. ಆಮೇಲೆ ಸೊಟ್ಟ ಬಾಯಲ್ಲೇ, ದನಿಯಿಲ್ಲದೆ, ಹೊಟ್ಟೆ ಕುಲುಕಿಸಿಕೊಂಡು ನಕ್ಕಳು.